ಕೋವಿ ಒಂಟಿಯಾಗಿ ಪ್ರಯಾಣಿಸುವುದಿಲ್ಲ: ಪರವಾನಗಿ ಬಂದೂಕನ್ನು ಊರಿಂದೂರಿಗೆ ಸಾಗಿಸಲು ಒಂದು ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ನೆಲೆಸಿರುವ ನನ್ನ ಅಣ್ಣನಿಗೆ ಅಲ್ಲಿ ಕೋವಿ ಪರವಾನಗಿ ಸಿಕ್ಕಿದ ದಿನವೇ ಫೋನ್ ಬಂತು. "ಅಪ್ಪನ ಜೋಡಿ ನಳಿಕೆಯನ್ನು ಚೆನ್ನಾಗಿ ಗೋಣಿ ಸುತ್ತಿ ಕೊರಿಯರ್‌ಗೆ ಹಾಕಿಬಿಡು, ದುಡ್ಡು ಎಷ್ಟಾದರೂ ಆಗಲಿ" ಎಂದ. ಅಪ್ಪ ತೀರಿಕೊಂಡ ಮೇಲೆ ಆ ಕೋವಿಯನ್ನು ಹಾಸನದ ಬಂದೂಕು ಅಂಗಡಿಯೊಂದರಲ್ಲಿ ಠೇವಣಿ ಇಟ್ಟಿದ್ದೆವು. ಕಾಫಿಪುಡಿ, ಜೇನು, ಏಲಕ್ಕಿ ಎಲ್ಲವೂ ಹಾಗೆಯೇ ಪುಣೆಗೆ ಹೋಗುತ್ತಿರುವಾಗ ಕೋವಿಯೂ ಹೋಗಬಹುದೆಂದು ಅವನ ಲೆಕ್ಕ. ಆ ಲೆಕ್ಕ ತಪ್ಪು. ಅದು ಎಷ್ಟು ತಪ್ಪು ಎಂಬುದು ನನಗೂ ಮುಂದಿನ ಎರಡು ತಿಂಗಳಲ್ಲಿ ಕಚೇರಿ, ಅಂಗಡಿ, ವಿಮಾನ ನಿಲ್ದಾಣ ಎಂದು ಅಲೆದಾಗಲೇ ಪೂರ್ತಿ ಅರ್ಥವಾಯಿತು.

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಬರಹಗಳಲ್ಲಿ ಮುಕ್ಕಾಲು ಪಾಲು ಅಮೆರಿಕದವು. ಅಲ್ಲಿ ಪರವಾನಗಿ ಪಡೆದ ವ್ಯಾಪಾರಿಯ ಹೆಸರಿಗೆ ಬಂದೂಕನ್ನು ಕಳಿಸುವ ಪದ್ಧತಿಯೇ ಒಂದಿದೆ. ಅದನ್ನು ಓದಿ ಇಲ್ಲಿ ಪೆಟ್ಟಿಗೆ ಕಟ್ಟಲು ಕೂತರೆ ಕೈಗೆ ಕೋಳ ಬೀಳುತ್ತದೆ. ನಮ್ಮ ಕಾಯ್ದೆಯ ಕಣ್ಣಿನಲ್ಲಿ ಕೋವಿ ಒಂದು ಸಾಮಾನಲ್ಲ, ಒಬ್ಬ ವ್ಯಕ್ತಿಯ ಹೆಸರಿಗೆ ಅಂಟಿಕೊಂಡ ಜವಾಬ್ದಾರಿ. ಆ ವ್ಯಕ್ತಿ ಎಲ್ಲಿಗೆ ಹೋಗುತ್ತಾನೋ ಅಲ್ಲಿಗೆ ಅದೂ ಹೋಗಬಹುದು. ಅವನನ್ನು ಬಿಟ್ಟು ತಾನೇ ಹೋಗುವಂತಿಲ್ಲ.

ಮೊದಲ ಕೆಲಸ: ಪರವಾನಗಿ ಪುಸ್ತಕವನ್ನು ಓದುವುದು

ನಮ್ಮಲ್ಲಿ ಪರವಾನಗಿ ಇಟ್ಟುಕೊಂಡವರು ಅದನ್ನು ನವೀಕರಣದ ದಿನ ಬಿಟ್ಟರೆ ತೆರೆದು ನೋಡುವುದಿಲ್ಲ. ಸಾಗಣೆಗೆ ಮುನ್ನ ನಾಲ್ಕು ವಿಷಯ ನೋಡಿಕೊಳ್ಳಬೇಕು.

ಒಂದು, ಅವಧಿ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಅದೇ ತಿದ್ದುಪಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದದ್ದೂ ಈ ಲೆಕ್ಕಕ್ಕೆ ಸೇರುತ್ತದೆ.

ಎರಡು, ವ್ಯಾಪ್ತಿ. ಪರವಾನಗಿ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂದು ಬರೆದಿರುವ ಕಲಂ ಇರುತ್ತದೆ. ಅದರಲ್ಲಿ 'ಹಾಸನ ಜಿಲ್ಲೆ' ಎಂದಿದ್ದರೆ ಆ ಕೋವಿಯ ಲೋಕ ಹಾಸನ ಜಿಲ್ಲೆಯಷ್ಟೇ; 'ಕರ್ನಾಟಕ' ಎಂದಿದ್ದರೆ ಗಡಿ ದಾಟಿ ಕೊಲ್ಹಾಪುರ ಮುಟ್ಟಿದ ಕ್ಷಣದಿಂದ ನಿಮ್ಮ ಕೈಯಲ್ಲಿರುವುದು ಪರವಾನಗಿಯಿಲ್ಲದ ಬಂದೂಕು. ಹೊರಡುವ ಊರು, ತಲುಪುವ ಊರು ಮಾತ್ರವಲ್ಲ, ನಡುವಿನ ರಾಜ್ಯಗಳೂ ವ್ಯಾಪ್ತಿಯೊಳಗೆ ಇರಬೇಕು. ಇಲ್ಲದಿದ್ದರೆ ವ್ಯಾಪ್ತಿ ವಿಸ್ತರಣೆಗೆ, ಇಲ್ಲವೇ ಆ ಪ್ರಯಾಣಕ್ಕೆಂದೇ ತಾತ್ಕಾಲಿಕ ಪರವಾನಗಿಗೆ ಅರ್ಜಿ ಹಾಕಬೇಕು. ಜಿಲ್ಲೆಗಳಲ್ಲಿ ಇದು ಜಿಲ್ಲಾಧಿಕಾರಿ ಕಚೇರಿಯ ದಂಡಾಧಿಕಾರಿ ಶಾಖೆಯ ಕೆಲಸ, ಬೆಂಗಳೂರಿನಂಥ ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿಯದು.

ಮೂರು, ಶಸ್ತ್ರಾಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಾಂಶಕೋಶದಲ್ಲಿ ನೋಂದಾಯಿಸಿದಾಗ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ ಪುಸ್ತಕದಲ್ಲಿ ನಮೂದಾಗಿದೆಯೇ ಎಂಬುದು. ಹಳೆಯ ಕಾಲದ ಪುಸ್ತಕ ಇಟ್ಟುಕೊಂಡ ಹಿರಿಯರು ಎಡವುವುದು ಇಲ್ಲಿಯೇ.

ನಾಲ್ಕನೆಯದು ಕೋವಿಯ ಸಂಖ್ಯೆ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಾಸನದ ಅಂಗಡಿಯಲ್ಲಿ ಅಣ್ಣ ಪರವಾನಗಿಯನ್ನು ಮೇಜಿನ ಮೇಲಿಟ್ಟಾಗ ಅಂಗಡಿಯಾತ ಕೋವಿಯನ್ನು ಕೀಲಿನಲ್ಲಿ ಮಡಚಿ ತೆರೆದು, ನಳಿಕೆಯ ಬುಡದ ಚಪ್ಪಟೆ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಣ್ಣೆ ಜಿಡ್ಡಿನಲ್ಲಿ ಏನೂ ಕಾಣಲಿಲ್ಲ. ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ತಿಕ್ಕಿ, ಊದಿದ. ಗೀರುಗಳಲ್ಲಿ ಬಿಳಿ ನಿಂತು ಅಂಕಿಗಳು ಒಂದೊಂದಾಗಿ ಎದ್ದವು. ಪರವಾನಗಿಯಲ್ಲಿ 8 ಎಂದಿದ್ದ ಕಡೆ ಉಕ್ಕಿನ ಮೇಲೆ 3 ಇತ್ತು. ಯಾವ ಕಾಲದಲ್ಲೋ ಯಾರೋ ಸವೆದ ಅಂಕಿಯನ್ನು ತಪ್ಪಾಗಿ ಓದಿ ಬರೆದದ್ದು ಅಪ್ಪನ ಪುಸ್ತಕದಿಂದ ಅಣ್ಣನ ಪುಸ್ತಕಕ್ಕೆ ಹಾಗೆಯೇ ನಕಲಾಗಿತ್ತು. ಅಂಗಡಿಯಾತ ಕೋವಿ ಕೊಡಲಿಲ್ಲ. ಅಣ್ಣ ಬರಿಗೈಯಲ್ಲಿ ಹಿಂದಿರುಗಿ, ಪುಣೆಯಲ್ಲಿ ತಿದ್ದುಪಡಿ ಮಾಡಿಸಿ ಮತ್ತೆ ಬರಲು ಮೂರು ವಾರ ಹಿಡಿಯಿತು. ಆ ಅಂಗಡಿಯಾತನ ಮೇಲೆ ಅಂದು ಸಿಟ್ಟು ಬಂದಿತ್ತು. ವಿಮಾನ ನಿಲ್ದಾಣದಲ್ಲಿ ಅದೇ ಅಂಕಿ ಹೊರಬಿದ್ದಿದ್ದರೆ ಏನಾಗುತ್ತಿತ್ತು ಎಂದು ಈಗ ನೆನೆದರೆ ಅವನಿಗೆ ಒಂದು ಸೇರು ಜೇನು ಕೊಡಬೇಕೆನಿಸುತ್ತದೆ. ಹೊರಡುವ ತಿಂಗಳು ಮೊದಲೇ ಸೀಮೆಸುಣ್ಣ ತಿಕ್ಕಿ ನೋಡಿ.

ಯಾರು ಒಯ್ಯಬಹುದು?

ಸಾಮಾನ್ಯ ಉತ್ತರ: ಪರವಾನಗಿದಾರನೇ. ಕಾಯ್ದೆಯ ಸೆಕ್ಷನ್ 3ರಲ್ಲಿ ಒಂದು ಸಣ್ಣ ಕಿಂಡಿ ಇದೆ. ಪರವಾನಗಿದಾರನ ಸಮ್ಮುಖದಲ್ಲಿ, ಅಥವಾ ಅವನ ಲಿಖಿತ ಅಧಿಕಾರಪತ್ರ ಹಿಡಿದು, ಬೇರೊಬ್ಬರು ಆ ಕೋವಿಯನ್ನು ಒಯ್ಯಬಹುದು. ಅದೂ ಮೂರೇ ಕಾರಣಕ್ಕೆ: ದುರಸ್ತಿ, ಪರವಾನಗಿ ನವೀಕರಣ, ಪರವಾನಗಿದಾರನ ಸ್ವಂತ ಬಳಕೆ. ಕಾಲು ನೋವಿನ ಅಜ್ಜನ ಕೋವಿಯನ್ನು ಮೊಮ್ಮಗ ದುರಸ್ತಿಗೆ ಕೊಂಡೊಯ್ಯುವುದು ಈ ಕಿಂಡಿಯಿಂದಲೇ. ಪತ್ರ ಹೀಗಿದ್ದರೆ ಸಾಕು:

"ಇಂಥ ಸಂಖ್ಯೆಯ ಪರವಾನಗಿ ಹೊಂದಿರುವ ನಾನು, ಇಂಥ ಸಂಖ್ಯೆಯ 12 ಬೋರ್ ಜೋಡಿ ನಳಿಕೆ ಕೋವಿಯ ಕುದುರೆಯ (ಸಿಡಿಸುವ ಕೀಲಿನ) ದುರಸ್ತಿಗಾಗಿ ಅದನ್ನು ಇಂಥ ಊರಿನ ಇಂಥ ಅಂಗಡಿಗೆ ಒಯ್ದು ಹಿಂದಕ್ಕೆ ತರಲು ನನ್ನ ಮೊಮ್ಮಗ ಇಂಥವನಿಗೆ ಅಧಿಕಾರ ನೀಡಿದ್ದೇನೆ. ಈ ಪತ್ರ ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಅನ್ವಯಿಸುತ್ತದೆ."

ಸಹಿ, ದಿನಾಂಕ, ಜೊತೆಗೆ ಪರವಾನಗಿಯ ಮೂಲಪ್ರತಿ ಅಥವಾ ದೃಢೀಕೃತ ನಕಲು, ಒಯ್ಯುವವನ ಗುರುತಿನ ಚೀಟಿ. 'ಅಗತ್ಯವಿದ್ದಾಗಲೆಲ್ಲ' ಎಂದು ಬರೆದ ಪತ್ರ ಠಾಣೆಯಲ್ಲಿ ನಿಲ್ಲುವುದಿಲ್ಲ. ಅಣ್ಣನಿಗಾಗಿ ನಾನೇ ಪುಣೆಗೆ ಒಯ್ದು ಕೊಡಬಹುದಲ್ಲವೇ ಎಂದು ಯೋಚಿಸಿದ್ದೆ. ಒಂದೇ ಊರಿನೊಳಗೆ ದುರಸ್ತಿಗೆ ಒಯ್ಯುವುದಕ್ಕೂ ಠೇವಣಿಯಲ್ಲಿರುವ ಕೋವಿಯನ್ನು ಬಿಡಿಸಿ ರಾಜ್ಯದಾಚೆ ಒಯ್ಯುವುದಕ್ಕೂ ಬಹಳ ಅಂತರವಿದೆ. ಅವನೇ ಬಂದ.

ಅಂಚೆ, ಕೊರಿಯರ್, ಬಸ್ಸಿನ ಪಾರ್ಸೆಲ್: ಮೂರೂ ಬೇಡ

ಮದ್ದುಗುಂಡು ಸ್ಫೋಟಕ. ಸ್ಫೋಟಕ ವಸ್ತುಗಳನ್ನು ಅಂಚೆಯಲ್ಲಿ ಕಳಿಸುವಂತಿಲ್ಲ ಎಂಬುದು ಬ್ರಿಟಿಷರ 1898ರ ಅಂಚೆ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಖಾಸಗಿ ಕೊರಿಯರ್‌ಗಳು ಇನ್ನೂ ಬಿಗಿ. ಅವುಗಳ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಬಂದೂಕು, ಮದ್ದುಗುಂಡುಗಳು ಮೊದಲ ಸಾಲಿನಲ್ಲೇ ಇರುತ್ತವೆ. ಡಿಎಚ್‌ಎಲ್ ಎಕ್ಸ್‌ಪ್ರೆಸ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಯಾದರೆ ಬಂದೂಕಿನ ನಕಲು ಪ್ರತಿಕೃತಿಯನ್ನೂ ಒಪ್ಪುವುದಿಲ್ಲ. ನಾಟಕಕ್ಕೆಂದು ಮಾಡಿಸಿದ ಮರದ ಪಿಸ್ತೂಲಿಗೂ ಇದೇ ಗತಿ.

"ಒಳಗೇನಿದೆ ಎಂದು ಹೇಳದೆ ಕಟ್ಟಿದರೆ?" ಎಂದು ಕೇಳುವವರಿದ್ದಾರೆ. ಕೊರಿಯರ್ ಪೆಟ್ಟಿಗೆಗಳೂ ಎಕ್ಸ್-ರೇ ಕೆಳಗೆ ಹಾಯುತ್ತವೆ. ಇನ್ನೊಂದು ಮಾತು ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ. ರೈಲು, ವಿಮಾನ, ಹಡಗು, ವಾಹನಗಳಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ, ತಾವು ಸಾಗಿಸುತ್ತಿರುವ ಪೆಟ್ಟಿಗೆಯಲ್ಲೋ ಮೂಟೆಯಲ್ಲೋ ಅಕ್ರಮ ಆಯುಧ ಇರಬಹುದೆಂಬ ಅನುಮಾನ ಬಂದರೆ ಹತ್ತಿರದ ಠಾಣೆಗೆ ತಿಳಿಸಲೇಬೇಕು; ಸೆಕ್ಷನ್ 36 ಅದನ್ನು ಅವರ ಕರ್ತವ್ಯವಾಗಿಸಿದೆ. ಪಾರ್ಸೆಲ್ ಕೌಂಟರಿನ ಹುಡುಗನನ್ನು ಪರಿಚಯದ ಮೇಲೆ ಒಪ್ಪಿಸಿದಿರಿ ಎಂದುಕೊಳ್ಳಿ, ಅವನನ್ನೂ ಜೈಲಿನ ಬಾಗಿಲಿಗೆ ಎಳೆದಂತೆ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡವರಿಗೆ 2019ರ ನಂತರ ಕನಿಷ್ಠ ಶಿಕ್ಷೆಯೇ ಎರಡು ವರ್ಷ.

ಬಂದೂಕು ವ್ಯಾಪಾರಿಗಳ ನಡುವೆ ಸರಕು ಓಡಾಡುತ್ತದೆಯಲ್ಲ ಎಂದರೆ, ಓಡಾಡುತ್ತದೆ. ಅದಕ್ಕೆ ವ್ಯಾಪಾರಿಯ ಪರವಾನಗಿ, ಸಾಗಣೆಯ ಅನುಮತಿ, ದಾಖಲೆ ಪುಸ್ತಕ ಎಲ್ಲವೂ ಬೇರೆ. ಮನೆಯವರಿಗೆ ಅದು ದಾರಿಯಲ್ಲ.

ಕಟ್ಟುವ ಕ್ರಮ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೋವಿ ಪೂರ್ತಿ ಮುಚ್ಚಿರಬೇಕು, ಅದಕ್ಕೆಂದೇ ಮಾಡಿದ ಚೀಲ ಅಥವಾ ಪೆಟ್ಟಿಗೆಯಲ್ಲಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. ಹೆಗಲಿಗೆ ನೇತುಹಾಕಿ ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯುವ ಕಾಲ ಹೋಯಿತು.

ಜೋಡಿ ನಳಿಕೆಯಾದರೆ ಮೇಲಿನ ಕೀಲು ಒತ್ತಿ ಮಡಚಿ ತೆರೆಯಿರಿ. ಎರಡೂ ಕೋಣೆಗಳಲ್ಲಿ ಕಣ್ಣಿಟ್ಟು ನೋಡಿದರೆ ಸಾಲದು, ಕಿರುಬೆರಳನ್ನೂ ಹಾಕಿ ನೋಡಿ. ಮುಂದಿನ ಮರದ ಪಟ್ಟಿ ಬಿಚ್ಚಿ, ನಳಿಕೆ ಒಂದು ಕಡೆ, ಹಿಡಿ ಒಂದು ಕಡೆ ಮಾಡಿ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ತೋಟೆಗಳು ಅದೇ ಪೆಟ್ಟಿಗೆಯಲ್ಲಿ ಬೇಡ. ಅವು ಕಾರ್ಖಾನೆಯಿಂದ ಬಂದ ರಟ್ಟಿನ ಡಬ್ಬಿಯಲ್ಲೇ ಇರಲಿ. ಕೇಪಿನ ಕೋವಿಯವರು, ಅಂದರೆ ನಳಿಕೆಯ ಬಾಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊತ್ತಿಸುವ ಕೋವಿಯವರು, ಹೊರಡುವ ಮುನ್ನ ನಳಿಕೆಯೊಳಗೆ ಗಜದ ಕಡ್ಡಿ ಇಳಿಸಿ ನೋಡಬೇಕು. ಹೋದ ವರ್ಷ ಮಂಗನನ್ನು ಹೆದರಿಸಲು ತುಂಬಿದ ಮಸಿ (ಮದ್ದಿನ ಪುಡಿ) ಇನ್ನೂ ಒಳಗಿರುವ ಕೋವಿಗಳು ನಮ್ಮ ಕಡೆ ಕಡಿಮೆಯೇನಲ್ಲ.

ರಸ್ತೆಯ ಮೇಲೆ

ಸ್ವಂತ ಕಾರು ಎಲ್ಲಕ್ಕಿಂತ ಸಲೀಸು, ಆದರೆ ಮಲೆನಾಡಿನವರು ಮರೆಯುವ ಒಂದು ಬಲೆ ಇದೆ: ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 31ರಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧದೊಂದಿಗೆ ಕಾಲಿಡುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಮಾತು. ಕೋವಿ ಪರವಾನಗಿ ಅಲ್ಲಿ ಉತ್ತರವಾಗುವುದಿಲ್ಲ. ಹೀಗಾಗಿ ಕುಟ್ಟದಿಂದ ಮೈಸೂರಿಗೆ ಹೊರಟವರು ನಾಗರಹೊಳೆಯ ಒಳರಸ್ತೆಯಿಂದ ಹುಣಸೂರು ಸೇರುವ ಆಸೆ ಬಿಡಬೇಕು. ಮಡಿಕೇರಿಯವರು ಕುಶಾಲನಗರ, ಪಿರಿಯಾಪಟ್ಟಣದ ಹೆದ್ದಾರಿ ಹಿಡಿಯಲಿ. ಊಟಿಯ ಕಡೆಗೆ ಬಂಡೀಪುರ ದಾಟುವ ಯೋಚನೆಯಿದ್ದರೆ ಕೋವಿಯನ್ನು ಮನೆಯಲ್ಲೇ ಬಿಡುವುದು ಲೇಸು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕೆಂಬ ಸೆಕ್ಷನ್ 34 ಕೂಡ ಇದೆ. ಹೊಸ ಮನೆ ಅಂಥ ಜಾಗದಲ್ಲಿದ್ದರೆ ಇದು ನಿಮಗೂ ತಗಲುತ್ತದೆ.

ಚುನಾವಣೆ ಘೋಷಣೆಯಾದ ಮೇಲೆ ಸಾಗಣೆಯ ಮಾತೇ ಬೇಡ. ಠೇವಣಿ ಇಡಲು ಆದೇಶ ಬಂದಿದ್ದರೆ ಕೋವಿಯ ಏಕೈಕ ಪ್ರಯಾಣ ಠಾಣೆಗೆ ಅಥವಾ ಅಂಗಡಿಗೆ. ರಸೀದಿ ಪಡೆಯಿರಿ. ಅದರಲ್ಲಿ ಕೋವಿಯ ಸಂಖ್ಯೆಯ ಜೊತೆ ತೋಟೆಗಳ ಎಣಿಕೆಯೂ ಇರಲಿ.

ದಾರಿಯಲ್ಲಿ ಜಾತ್ರೆ, ಮೆರವಣಿಗೆ, ಸಭೆ, ಶಾಲಾ ಕಾಲೇಜು ಆವರಣಗಳಿಗೆ ಆಯುಧ ಒಯ್ಯಬಾರದೆಂಬುದು ಪರವಾನಗಿಯ ಷರತ್ತು. ಡಿಕ್ಕಿಯಲ್ಲಿ ಕೋವಿ ಇಟ್ಟುಕೊಂಡು ಮಗಳನ್ನು ಹಾಸ್ಟೆಲಿಗೆ ಬಿಡಲು ಹೋಗುವುದೂ ಇದರಲ್ಲಿ ಸೇರಿತು.

ರೈಲಿನಲ್ಲಿ

ಕೋವಿಯನ್ನು ಪಾರ್ಸೆಲ್ ವ್ಯಾನಿಗೆ ಹಾಕಬೇಡಿ, ನಿಮ್ಮ ಜೊತೆಯಲ್ಲೇ ಇರಲಿ. 1989ರ ರೈಲ್ವೆ ಕಾಯ್ದೆ ಅಪಾಯಕಾರಿ ವಸ್ತುಗಳನ್ನು ತಿಳಿಸದೆ ಒಯ್ಯುವುದನ್ನು ಅಪರಾಧವಾಗಿಸಿದೆ, ಮೂರು ವರ್ಷದವರೆಗೆ ಶಿಕ್ಷೆಯಿದೆ. ಆದ್ದರಿಂದ ನನ್ನ ಸಲಹೆ ಸರಳ: ತೋಟೆ ಒಯ್ಯಲೇಬೇಡಿ, ತಲುಪಿದ ಊರಿನಲ್ಲಿ ಪರವಾನಗಿ ತೋರಿಸಿ ಕೊಳ್ಳಿ. ಖಾಲಿ ಕೋವಿ, ಮೂಲ ಪರವಾನಗಿ, ಟಿಕೆಟ್ ಮೂರೂ ಕೈಗೆ ಸಿಗುವಂತಿದ್ದರೆ ರೈಲ್ವೆ ಪೊಲೀಸರ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ರಾತ್ರಿ ರೈಲಿನಲ್ಲಿ ಅದನ್ನು ಸೀಟಿನಡಿ ತಳ್ಳಿ ಗೊರಕೆ ಹೊಡೆಯುವ ಧೈರ್ಯ ನನಗಂತೂ ಇಲ್ಲ. ಅಣ್ಣ ವಿಮಾನ ಆರಿಸಿಕೊಂಡದ್ದು ಇದಕ್ಕೇ.

ವಿಮಾನದಲ್ಲಿ

ವಿಚಿತ್ರವೆಂದರೆ ಎಲ್ಲಕ್ಕಿಂತ ಬಿಗಿಯಾದ ಈ ದಾರಿಯೇ ಎಲ್ಲಕ್ಕಿಂತ ಸ್ಪಷ್ಟವಾದದ್ದು. ಕ್ರಮ ಹೀಗೆ.

ಟಿಕೆಟ್ ಕೊಳ್ಳುವ ಮುನ್ನವೇ ವಿಮಾನ ಸಂಸ್ಥೆಗೆ ಕರೆ ಮಾಡಿ ಆಯುಧ ಒಯ್ಯುವುದಾಗಿ ತಿಳಿಸಿ. ಶುಲ್ಕ ಒಂದೊಂದು ಸಂಸ್ಥೆಯದು ಒಂದೊಂದು, ಆಗಾಗ ಬದಲಾಗುತ್ತದೆ. ದೇಶದೊಳಗಿನ ಹಾರಾಟದಲ್ಲಿ ಸಾಮಾನ್ಯ ಪ್ರಯಾಣಿಕನಿಗೆ ಒಂದು ಬಂದೂಕು, 50 ಗುಂಡು ಎಂಬುದು ರೂಢಿಯ ಮಿತಿ. ಅಂತರರಾಷ್ಟ್ರೀಯ ವಾಯುಯಾನ ನಿಯಮದಲ್ಲಿ ಒಬ್ಬರ ಮದ್ದುಗುಂಡಿನ ಒಟ್ಟು ತೂಕ ಪೊಟ್ಟಣ ಸೇರಿ 5 ಕಿಲೋ ಮೀರಬಾರದು, ಇಬ್ಬರ ಪಾಲನ್ನು ಒಂದೇ ಪೊಟ್ಟಣಕ್ಕೆ ಸೇರಿಸಬಾರದು. 12 ಬೋರಿನ ತೋಟೆ ಒಂದೊಂದೂ 40 ಗ್ರಾಂ ಆಸುಪಾಸು ತೂಗುವುದರಿಂದ 50 ಎಂದರೆ ಎರಡು ಕಿಲೋ ಚಿಲ್ಲರೆ, ತೊಂದರೆಯಿಲ್ಲ. ಆದರೆ ಬಿಡಿ ಮದ್ದು, ಕೇಪು ಯಾವ ಕಾರಣಕ್ಕೂ ಹತ್ತುವುದಿಲ್ಲ. ಕೇಪಿನ ಕೋವಿ ಹಾರಬಹುದು, ಅದರ ಮಸಿ ಹಾರುವಂತಿಲ್ಲ.

ಮೊಬೈಲಿನಲ್ಲಿ ಚೆಕ್-ಇನ್ ಮಾಡಿ ನೇರ ಒಳನುಗ್ಗುವ ಅಭ್ಯಾಸ ಆ ದಿನಕ್ಕೆ ಬಿಡಿ. ಮೂರು ಗಂಟೆ ಮೊದಲೇ ಹೋಗಿ. ನಿಲ್ದಾಣದ ಬಾಗಿಲಲ್ಲಿ ನಿಂತಿರುವ ಭದ್ರತಾ ಸಿಬ್ಬಂದಿಗೆ ಮೊದಲ ಮಾತಿನಲ್ಲೇ "ನನ್ನ ಬಳಿ ಪರವಾನಗಿ ಇರುವ ಆಯುಧವಿದೆ, ಖಾಲಿಯಿದೆ" ಎಂದು ಪರವಾನಗಿಯನ್ನು ಮುಂದೆ ಚಾಚಿ. ಪೆಟ್ಟಿಗೆಯನ್ನು ನೀವಾಗಿ ತೆರೆಯಲು ಹೋಗಬೇಡಿ. ಅವರು ಹೇಳಿದಾಗ, ಹೇಳಿದ ಜಾಗದಲ್ಲಿ ಮಾತ್ರ. ಕೌಂಟರಿನಲ್ಲಿ ಘೋಷಣಾ ಪತ್ರ ತುಂಬಿಸುತ್ತಾರೆ, ಸಂಖ್ಯೆ ತಾಳೆ ನೋಡುತ್ತಾರೆ, ಖಾಲಿಯಿದೆಯೇ ಎಂದು ಪರೀಕ್ಷಿಸುತ್ತಾರೆ, ಕೋವಿ ಮತ್ತು ತೋಟೆಯನ್ನು ಬೇರೆ ಬೇರೆ ಕಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಅದು ನಿಮ್ಮ ಕೈಯಲ್ಲಿರುವುದಿಲ್ಲ. ಪ್ರಯಾಣಿಕರ ಕೈಗೆ ಎಟುಕದ ಸರಕಿನ ಅಂಕಣದಲ್ಲಿ ಹೋಗುತ್ತದೆ. ಇಳಿದ ಊರಿನಲ್ಲಿ ಉಳಿದ ಸೂಟ್‌ಕೇಸುಗಳ ಜೊತೆ ಪಟ್ಟಿಯ ಮೇಲೆ ತಿರುಗಿ ಬರುತ್ತದೆಂದು ಕಾಯುತ್ತ ನಿಲ್ಲಬೇಡಿ, ಸಂಸ್ಥೆಯ ಸಿಬ್ಬಂದಿಯನ್ನು ಕೇಳಿ ದಾಖಲೆ ತೋರಿಸಿ ಪಡೆಯಬೇಕು. ವಿಮಾನ ಬದಲಿಸುವ ಪ್ರಯಾಣವಾದರೆ ಈ ಗೋಜು ಎರಡು ಪಟ್ಟು. ನೇರ ವಿಮಾನವನ್ನೇ ಹಿಡಿಯಿರಿ.

.177 ಏರ್‌ಗನ್‌ಗೆ ಪರವಾನಗಿ ಬೇಡವಲ್ಲ ಎಂದು ಕೈಚೀಲದಲ್ಲಿ ಒಯ್ಯುವವರಿಗೆ ಒಂದು ಮಾತು: ಪರವಾನಗಿ ಬೇಡದಿರುವುದು ಬೇರೆ, ವಿಮಾನದೊಳಗೆ ಬಿಡುವುದು ಬೇರೆ. ಅದೂ ಘೋಷಿಸಿ, ಕೆಳಗಿನ ಸರಕಿನಲ್ಲೇ ಹೋಗಬೇಕು.

ಕೋವಿಯಿಲ್ಲದ ಚೀಲದಲ್ಲಿ ಒಂದೇ ಒಂದು ತೋಟೆ

ವಿಮಾನ ನಿಲ್ದಾಣಗಳಲ್ಲಿ ಕೋವಿ ಒಯ್ಯುವವರಿಗಿಂತ ಒಯ್ಯದವರೇ ಹೆಚ್ಚು ಸಿಕ್ಕಿಬೀಳುತ್ತಾರೆ. ಹಳೆಯ ಚೀಲ, ಅದರ ಅಡಿಯಲ್ಲಿ ಹರಿದ ಅಸ್ತರಿನೊಳಗೆ ಜಾರಿದ ಗುಂಡು, ಎಕ್ಸ್-ರೇ ಪರದೆಯ ಮೇಲೆ ಅದರ ನೆರಳು. ಪ್ರಕರಣ ದಾಖಲಾಗುತ್ತದೆ. ನ್ಯಾಯಾಲಯಗಳು 'ಪ್ರಜ್ಞಾಪೂರ್ವಕ ಸ್ವಾಧೀನ' ಇತ್ತೇ, ಅಂದರೆ ಅದು ತನ್ನ ಬಳಿ ಇರುವ ಅರಿವು ಅವನಿಗಿತ್ತೇ ಎಂದು ನೋಡುತ್ತವೆ ನಿಜ. ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲೇ ಈ ವಿಚಾರವನ್ನು ಹೇಳಿದೆ. ಆದರೆ ಆ ಸಮಾಧಾನ ಸಿಗುವ ಹೊತ್ತಿಗೆ ವಿಮಾನ ಹೋಗಿರುತ್ತದೆ, ವಕೀಲರ ಶುಲ್ಕ ಕಟ್ಟಿರುತ್ತೀರಿ, ಹೈಕೋರ್ಟಿನ ಮೆಟ್ಟಿಲೂ ಹತ್ತಿರುತ್ತೀರಿ. ಅಪ್ಪನ ಕ್ಯಾನ್ವಾಸ್ ಚೀಲವನ್ನು ಅಣ್ಣ ನೆನಪಿಗೆಂದು ಕೇಳಿದಾಗ ನಾನು ಅದನ್ನು ಅಂಗಳದಲ್ಲಿ ಒಳಹೊರಗು ಮಾಡಿ ಕೊಡವಿದೆ. ಎರಡು ಅಡಿಕೆ ಚೂರು, ಒಂದು ಬಸ್ ಟಿಕೆಟ್, ಹಿತ್ತಾಳೆಯ ತಳ ಹಸಿರುಗಟ್ಟಿದ ಒಂದು ಜೀವಂತ ತೋಟೆ ಬಿದ್ದವು. ತೋಟೆ ಅದೇ ಸಂಜೆ ಹಾಸನದ ಅಂಗಡಿಯ ಠೇವಣಿ ಪುಸ್ತಕ ಸೇರಿತು.

ಕೊಡಗಿನವರಿಗೆ

ಕೊಡವರಿಗೂ ಜಮ್ಮಾ (ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದ್‌ನಂದು (ಕೊಡವರ ಆಯುಧಪೂಜೆಯ ಹಬ್ಬ) ಕೋವಿಗೆ ಹೂವಿಟ್ಟು, ಮಧ್ಯಾಹ್ನ ತೆಂಗಿನಕಾಯಿಗೆ ಗುರಿ ಹಿಡಿಯುವ ಊರಿನಲ್ಲಿ ಈ ವಿನಾಯಿತಿ ಸಹಜವೆನಿಸುತ್ತದೆ. ಸಂಪಾಜೆ ಘಾಟಿ ಇಳಿದು ಜಿಲ್ಲೆ ದಾಟಿದ ಮೇಲೆ ಅದಕ್ಕೆ ಮಿತಿಗಳಿವೆ. ಜಿಲ್ಲೆಯಾಚೆ ಒಯ್ಯುವಾಗ ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ನಯವಾದ ನಳಿಕೆಯ (ಒಳಗೆ ಸುರುಳಿ ಗೆರೆಗಳಿಲ್ಲದ) ಕೋವಿ, ಅದಕ್ಕೆ 500 ತೋಟೆ ಮೀರುವಂತಿಲ್ಲ. ಜಿಲ್ಲಾಡಳಿತ ಕೊಟ್ಟ ವಿನಾಯಿತಿ ಪತ್ರ ಸದಾ ಜೊತೆಗಿರಬೇಕು. ಹೊರರಾಜ್ಯದ ಪೊಲೀಸರಿಗೆ ಜಮ್ಮಾ ಎಂದರೇನೆಂದು ಗೊತ್ತಿರುವುದಿಲ್ಲ, ಅಧಿಸೂಚನೆಯ ಇಂಗ್ಲಿಷ್ ಪ್ರತಿಯೊಂದನ್ನು ಇಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ. ವಿಮಾನದ ನಿಯಮ, ಅಭಯಾರಣ್ಯದ ನಿಯಮಗಳಿಂದ ಈ ವಿನಾಯಿತಿ ಯಾರನ್ನೂ ಪಾರುಮಾಡುವುದಿಲ್ಲ.

ಯಜಮಾನನೇ ಬದಲಾದಾಗ

ಪರವಾನಗಿದಾರ ತೀರಿಕೊಂಡರೆ ಕೋವಿ ಮನೆಯಲ್ಲಿರುವುದೇ ಅಕ್ರಮವಾಗುತ್ತದೆ. ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿ ಇಡಿ, ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 21 ಹೇಳುವುದು ಅದನ್ನೇ. ಹನ್ನೊಂದನೆಯ ದಿನದ ಕಾರ್ಯ ಮುಗಿಯಲಿ ಎಂದು ಕಾಯುವುದು ಬೇಡ. ಆಮೇಲೆ ಉಳಿದ ವಾರಸುದಾರರ ಒಪ್ಪಿಗೆ ಪತ್ರಗಳೊಂದಿಗೆ, ಕೋವಿ ಪಡೆಯುವವರು ತಾವು ವಾಸಿಸುವ ಊರಿನಲ್ಲಿ ಅರ್ಜಿ ಹಾಕಬೇಕು. ಮಾರುವುದಾದರೆ ಜಿಲ್ಲಾಧಿಕಾರಿಗೋ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾದ ನಂತರವಷ್ಟೇ ಪರವಾನಗಿ ಇರುವವರಿಗೆ ಕೊಡಬಹುದು.

ನೀವೇ ಊರು ಬದಲಿಸಿ ಕೋವಿಯೂ ನಿಮ್ಮ ಜೊತೆ ಬಂದಿದ್ದರೆ 30 ದಿನದೊಳಗೆ ಹೊಸ ವಿಳಾಸವನ್ನು ಪರವಾನಗಿ ಪ್ರಾಧಿಕಾರಕ್ಕೆ ತಿಳಿಸಿ, ಸ್ವೀಕೃತಿಯ ಮುದ್ರೆ ಪಡೆದುಕೊಳ್ಳಿ. ದಾರಿಯಲ್ಲಿ ಕಳೆದುಹೋದರೆ ಊರು ತಲುಪುವವರೆಗೆ ಕಾಯಬೇಡಿ, ಗೊತ್ತಾದ ಜಾಗದ ಠಾಣೆಯಲ್ಲೇ, ರೈಲಾದರೆ ರೈಲ್ವೆ ಪೊಲೀಸರಲ್ಲಿ, ಕೂಡಲೇ ದೂರು ಕೊಡಿ.

ಅಣ್ಣ ಪುಣೆಯಲ್ಲಿ ಇಳಿದು ಕೋವಿ ಕೈಗೆ ಬರಲು ಒಂದು ಗಂಟೆ ಹಿಡಿಯಿತಂತೆ. ಮರುದಿನ ಠಾಣೆಗೆ ಹೋಗಿ ತೋರಿಸಿದಾಗ ಅಲ್ಲಿ ದಾಖಲೆ ಬರೆಯುವವ ಭೂತಕನ್ನಡಿ ಹಿಡಿದು ಸಂಖ್ಯೆ ಓದಲು ಒದ್ದಾಡುತ್ತಿದ್ದನಂತೆ. ಅಣ್ಣ ಜೇಬಿನಿಂದ ಸೀಮೆಸುಣ್ಣ ತೆಗೆದುಕೊಟ್ಟ.